ಮನೆ ಕಂಪ್ಯೂಟರಿಗೆ ಎರಡನೇ ಓಎಸ್: ಅಪ್ಪನ ಲೆಕ್ಕವೂ ಉಳಿಬೇಕು, ನಮ್ಮ ಲ್ಯಾಬೂ ನಡೀಬೇಕು

ಬ್ರಾಂಚ್ ಯಾವುದೇ ಇರಲಿ, ನಾಲ್ಕು ವರ್ಷದಲ್ಲಿ ಒಂದು ಸಲವಾದ್ರೂ ಲಿನಕ್ಸ್ ಎದುರಾಗೇ ಆಗುತ್ತೆ. ಸಿಎಸ್‌ನವರಿಗೆ ಓಎಸ್ ಲ್ಯಾಬಿನ ಫೋರ್ಕ್, ಎಕ್ಸೆಕ್. ಆಮೇಲೆ ಲೆಕ್ಸ್, ಯಾಕ್. ರೋಬೋಟಿಕ್ಸ್ ಪ್ರಾಜೆಕ್ಟ್ ತಗೊಂಡ ಇಸಿ, ಮೆಕ್ಯಾನಿಕಲ್‌ನವರಿಗೆ ಆರ್‌ಒಎಸ್ 2. ಅದರ ಜ್ಯಾಝಿ ಆವೃತ್ತಿಯನ್ನು ಮಾಡಿರೋದೇ ಉಬುಂಟು 24.04ಕ್ಕೆ. ಕಾಲೇಜು ಲ್ಯಾಬಲ್ಲಿ ವಾರಕ್ಕೆ ಎರಡು ಗಂಟೆ ಸಿಗುತ್ತೆ, ಅದರಲ್ಲಿ ಅರ್ಧ ಗಂಟೆ ಲಾಗಿನ್ ಆಗೋದಕ್ಕೇ ಹೋಗುತ್ತೆ. ಮಿಕ್ಕಿದ್ದನ್ನ ಮನೇಲೇ ಮಾಡ್ಕೋಬೇಕು.

ಆದ್ರೆ ಮನೆ ಕಂಪ್ಯೂಟರ್ ನಮ್ಮೊಬ್ಬರದೇ ಅಲ್ವಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಯಾದ್ರೆ ಅದೇ ಡಿಸ್ಕಿನಲ್ಲಿ ನೂಲಿನ ಲೆಕ್ಕ, ಕೂಲಿ ಲೆಕ್ಕ ಇರುತ್ತೆ. ಹೊಸಕೋಟೆಯಲ್ಲಿ ಅಂಗಡಿ ಇಟ್ಟವರ ಮನೆಯಲ್ಲಿ ಟ್ಯಾಲಿ, ನೆಲಮಂಗಲದಲ್ಲಿ ಲಾರಿ ವ್ಯವಹಾರ ಮಾಡೋರ ಮನೆಯಲ್ಲಿ ಇ-ವೇ ಬಿಲ್ಲು, ದೇವನಹಳ್ಳಿ ಕಡೆ ಆದ್ರೆ ಜಮೀನಿನ ಕಾಗದಗಳ ಸ್ಕ್ಯಾನ್ ಪ್ರತಿ. ಜೊತೆಗೆ ತಂಗಿಯ ಫೋಟೊಗಳು, ಯಾರೂ ಬ್ಯಾಕಪ್ ತೆಗೀದೇ ಇರೋ ಮದುವೆ ವಿಡಿಯೊ. ಇಂಟರ್ನೆಟ್ಟಲ್ಲಿ ಸಿಗುವ ಡ್ಯುಯಲ್ ಬೂಟ್ ಪಾಠಗಳೆಲ್ಲ ಹುಡುಗನೊಬ್ಬ, ಅವನ ಲ್ಯಾಪ್‌ಟಾಪ್ ಒಂದು ಅನ್ನೋ ಲೆಕ್ಕದಲ್ಲಿ ಬರೆದಿರೋವು. ಈ ಲೇಖನ ಐದು ಜನ ಬಳಸೋ ಕಂಪ್ಯೂಟರಿಗೆ. ಎರಡು ಗಂಟೆಯ ಈ ಕೆಲಸದಲ್ಲಿ ನಿಜವಾದ ಅಪಾಯ ಇರೋದು ಕೆಲವೇ ಕ್ಲಿಕ್ಕುಗಳಲ್ಲಿ. ಅವು ಯಾವುವು ಅಂತ ಮೊದಲೇ ಗೊತ್ತಿದ್ರೆ ಮನೆಯವರಿಗೆ ವ್ಯತ್ಯಾಸವೇ ಗೊತ್ತಾಗದ ಹಾಗೆ ಕೆಲಸ ಮುಗಿಸಬಹುದು.

ಮೊದಲು ಒಂದು ಮಾತು: ಎಲ್ಲರಿಗೂ ಡ್ಯುಯಲ್ ಬೂಟ್ ಬೇಕಾಗಿಲ್ಲ. ಲೆಕ್ಸ್, ಯಾಕ್, ಸಿ ಪ್ರೋಗ್ರಾಂ ಅಷ್ಟೇ ಸಾಕು ಅನ್ನೋರು ವಿಂಡೋಸಿನೊಳಗೇ ಡಬ್ಲ್ಯುಎಸ್ಎಲ್ ಹಾಕ್ಕೊಳ್ಳಿ, ಪಾರ್ಟಿಷನ್ ಮುಟ್ಟೋ ಗೋಜೇ ಇಲ್ಲ. 16 ಜಿಬಿ ರ್‍ಯಾಮ್ ಇದ್ರೆ ವರ್ಚುವಲ್‌ಬಾಕ್ಸ್ ಕೂಡ ಆರಾಮಾಗಿ ನಡೆಯುತ್ತೆ. ಎರಡನೇ ಓಎಸ್ಸನ್ನೇ ಹಾಕ್ಬೇಕಾಗೋದು 4 ಅಥವಾ 8 ಜಿಬಿಯ ಹಳೇ ಯಂತ್ರ ಇದ್ದಾಗ, ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ಬಳಸಬೇಕಾದಾಗ, ಯುಎಸ್‌ಬಿಗೆ ಬೋರ್ಡು ಸೆನ್ಸರು ಸಿಕ್ಕಿಸಿ ಕೆಲಸ ಮಾಡೋವಾಗ, ಅಥವಾ ಲಿನಕ್ಸ್ ಹೇಗಿರುತ್ತೆ ಅಂತ ನಿಜವಾಗಿ ಕಲಿಯೋ ಆಸೆ ಇದ್ದಾಗ. ಉಲ್ಟಾ ಕಡೆಯಿಂದಲೂ ನೋಡಿ: ಸಾಲಿಡ್‌ವರ್ಕ್ಸ್, ಆಟೋಕ್ಯಾಡ್, ಟ್ಯಾಲಿ ಇವು ಲಿನಕ್ಸಿಗೆ ಬರಲ್ಲ. ಹಾಗಾಗಿ ವಿಂಡೋಸ್ ತೆಗೆದುಹಾಕೋ ಮಾತು ಬೇಡ.

ಇನ್ನೊಂದು ಕಾರಣ ಹೊಸದಾಗಿ ಸೇರಿಕೊಂಡಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಅಂತ ಮಾಡಿದ ವಿಸ್ತರಣೆಗೆ ಹೆಸರು ಕೊಟ್ಟವರಿಗೆ 2026ರ ಅಕ್ಟೋಬರ್ 13ರವರೆಗೆ ಅವಕಾಶ. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದ್ರೆ 8ನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದರ ಮುಂದಿನದು ಬೇಕು. 2015, 2016ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್‌ಗಳು ಈ ಗೆರೆಯ ಆಚೆಗೇ ಉಳಿದವು. ಅವು ಕೆಟ್ಟಿಲ್ಲ, ಟ್ಯಾಲಿ ಚೆನ್ನಾಗೇ ಓಡುತ್ತೆ. ಆದ್ರೆ ಸೆಕ್ಯುರಿಟಿ ಅಪ್‌ಡೇಟ್ ನಿಂತ ವಿಂಡೋಸಿನಲ್ಲಿ ನೆಟ್‌ಬ್ಯಾಂಕಿಂಗ್ ಮಾಡೋದು ಒಳ್ಳೇದಲ್ಲ. ಅಂಥ ಮನೆಯಲ್ಲಿ ಲೆಕ್ಕಕ್ಕೆ ವಿಂಡೋಸ್, ಬ್ಯಾಂಕು ಮತ್ತು ಬ್ರೌಸಿಂಗಿಗೆ ಲಿನಕ್ಸ್ ಅಂತ ಹಂಚಿಕೊಂಡ್ರೆ ಎರಡನೇ ಓಎಸ್ ನಮ್ಮ ಲ್ಯಾಬಿಗಷ್ಟೇ ಅಲ್ಲ, ಮನೆಗೂ ಆಯ್ತು.

ಡಿಸ್ಕಿನ ಪಹಣಿ

ಪಾರ್ಟಿಷನ್ ಅಂದ್ರೇನು ಅಂತ ನಮ್ಮ ಜಿಲ್ಲೆಯವರಿಗೆ ವಿವರಿಸೋದು ಸುಲಭ. ಜಮೀನಿನ ವಿಷಯ ಗೊತ್ತಿಲ್ಲದ ಮನೆ ಇಲ್ಲಿ ಯಾವುದಿದೆ? ಇಡೀ ಡಿಸ್ಕ್ ಒಂದು ಸರ್ವೆ ನಂಬರ್ ಅಂದ್ಕೊಳ್ಳಿ. ಅದರ ಮೊದಲಲ್ಲೇ ಒಂದು ಸಣ್ಣ ದಾಖಲೆ ಇರುತ್ತೆ: ಇಲ್ಲಿಂದ ಇಲ್ಲಿಗೆ ಒಂದು ತುಂಡು, ಅಲ್ಲಿಂದ ಅಲ್ಲಿಗೆ ಇನ್ನೊಂದು. ಇದೇ ಪಾರ್ಟಿಷನ್ ಟೇಬಲ್, ಅಂದ್ರೆ ಪಹಣಿ. ಒಂದೊಂದು ತುಂಡಿನೊಳಗೆ ಕಟ್ಟಿದ ಮನೆ ಫೈಲ್ ಸಿಸ್ಟಂ. ವಿಂಡೋಸ್ ಕಟ್ಟೋ ಮನೆ ಎನ್‌ಟಿಎಫ್‌ಎಸ್, ಲಿನಕ್ಸ್ ಸಾಮಾನ್ಯವಾಗಿ ಕಟ್ಟೋದು ಎಕ್ಸ್ಟ್4.

ಹೊಸ ಓಎಸ್ ಹಾಕೋಕೆ ಖಾಲಿ ಸೈಟು ಬೇಕು. ಸಿ ಡ್ರೈವಿನ ಮನೆಯೊಳಗೆ ಖಾಲಿ ಕೋಣೆ ಇದ್ರೆ ಆಗಲ್ಲ, ಮನೆಯನ್ನೇ ಒಂದಿಷ್ಟು ಒಳಕ್ಕೆ ಸರಿಸಿ ಹೊರಗೆ ಜಾಗ ಬಿಡಿಸಬೇಕು. ಇದನ್ನೇ ಶ್ರಿಂಕ್ ಅನ್ನೋದು. ಜಮೀನಿನ ಒಂದು ಭಾಗವನ್ನಷ್ಟೇ ಮಾರಬೇಕಾದ್ರೆ ಮೊದಲು 11ಇ ನಕ್ಷೆ ಮಾಡಿಸ್ತೀವಲ್ಲ, ಹಾಗೇ: ಮೊದಲು ಗಡಿ, ಆಮೇಲೆ ಕಟ್ಟಡ. ಗಡಿ ಗುರುತಾದ ಮೇಲೆ ಲಿನಕ್ಸ್ ತನ್ನ ತುಂಡಿನಲ್ಲಿ ಏನೇ ಮಾಡಿದ್ರೂ ಪಕ್ಕದ ತುಂಡಿಗೆ ತಾಗಲ್ಲ.

ಪಹಣಿಯಲ್ಲೂ ಎರಡು ಬಗೆ. ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಎಂಬಿಆರ್‌ನಲ್ಲಿ ನಾಲ್ಕೇ ಮುಖ್ಯ ತುಂಡುಗಳಿಗೆ ಜಾಗ, 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಲೆಕ್ಕಕ್ಕೆ ತಗೊಳ್ಳೋಕೂ ಆಗಲ್ಲ. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ತುಂಡು ಮಾಡಬಹುದು. ನಮ್ಮದು ಯಾವುದು ಅಂತ ತಿಳಿಯೋಕೆ ವಿಂಡೋಸಿನ ಸರ್ಚಿನಲ್ಲಿ ಸಿಸ್ಟಂ ಇನ್ಫರ್ಮೇಷನ್ ಅಂತ ಹುಡುಕಿ ತೆರೆಯಿರಿ. ಬಯಾಸ್ ಮೋಡ್ ಅನ್ನೋ ಸಾಲಿನಲ್ಲಿ ಯುಇಎಫ್ಐ ಅಂತಿದ್ರೆ ಜಿಪಿಟಿ, ಲೆಗಸಿ ಅಂತಿದ್ರೆ ಬಹುತೇಕ ಎಂಬಿಆರ್. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ. ವಿಂಡೋಸ್ ಯಾವ ಮೋಡ್‌ನಲ್ಲಿದೆಯೋ ಲಿನಕ್ಸನ್ನೂ ಅದೇ ಮೋಡ್‌ನಲ್ಲೇ ಹಾಕಬೇಕು. ಒಂದು ಲೆಗಸಿ, ಇನ್ನೊಂದು ಯುಇಎಫ್ಐ ಆದ್ರೆ ಆಮೇಲೆ ಒಂದರ ಮೆನುವಿನಿಂದ ಇನ್ನೊಂದು ತೆರೆಯಲ್ಲ. "ಲಿನಕ್ಸ್ ಹಾಕಿದ್ಮೇಲೆ ವಿಂಡೋಸ್ ಕಾಣಿಸ್ತಿಲ್ಲ ಮಗಾ" ಅಂತ ಬರೋ ಫೋನುಗಳಲ್ಲಿ ಒಳ್ಳೇ ಪಾಲು ಇದೇ.

ಹಳೇ ಎಂಬಿಆರ್ ಯಂತ್ರದವರಿಗೆ ಒಂದು ಎಚ್ಚರಿಕೆ. ಸಿಸ್ಟಂ ರಿಸರ್ವ್‌ಡ್, ಸಿ, ಡಿ, ಇ ಅಂತ ನಾಲ್ಕೂ ಪ್ರೈಮರಿ ಆಗಿರೋ ಡಿಸ್ಕಿನಲ್ಲಿ ಐದನೆಯದು ಮಾಡೋಕೆ ಹೋದ್ರೆ ವಿಂಡೋಸ್ "ಡೈನಾಮಿಕ್ ಡಿಸ್ಕ್ ಮಾಡ್ಲಾ?" ಅಂತ ವಿನಯದಿಂದ ಕೇಳುತ್ತೆ. ಬೇಡ ಅನ್ನಿ. ಹೂಂ ಅಂದ್ರೆ ಲಿನಕ್ಸ್ ಇನ್‌ಸ್ಟಾಲರಿಗೆ ಆ ಡಿಸ್ಕಿನಲ್ಲಿ ಜಾಗವೇ ಸಿಗಲ್ಲ, ವಾಪಸ್ ಮೊದಲಿನ ಹಾಗೆ ಮಾಡೋದೂ ದೊಡ್ಡ ತಲೆನೋವು. ಇಂಥ ಡಿಸ್ಕಿನಲ್ಲಿ ಇ ಡ್ರೈವಿನಲ್ಲಿರೋದನ್ನ ಡಿ-ಗೆ ಹಾಕಿ, ಇ-ಯನ್ನು ಪೂರ್ತಿ ಅಳಿಸಿ, ಆ ಜಾಗವನ್ನೇ ಲಿನಕ್ಸಿಗೆ ಕೊಡೋದು ಸರಿ.

ಡೆಸ್ಕ್‌ಟಾಪ್ ಇದ್ದವರಿಗೆ ಇದೆಲ್ಲಕ್ಕಿಂತ ಒಳ್ಳೇ ದಾರಿ ಇನ್ನೊಂದಿದೆ, ದುಡ್ಡು ಸ್ವಲ್ಪ ಖರ್ಚಾಗುತ್ತೆ ಅಷ್ಟೇ. ಎಸ್‌.ಪಿ. ರೋಡಿಗೆ ಹೋಗಿ ಒಂದು ಸಣ್ಣ ಸಾಟಾ ಎಸ್ಎಸ್‌ಡಿ, ಒಂದು ಕೇಬಲ್ ತನ್ನಿ. ಹಳೇ ಡಿಸ್ಕಿನ ಕೇಬಲ್ ಬಿಚ್ಚಿಟ್ಟು, ಹೊಸದಕ್ಕೆ ಲಿನಕ್ಸ್ ಹಾಕಿ, ಆಮೇಲೆ ಎರಡನ್ನೂ ಜೋಡಿಸಿ. ವಿಂಡೋಸ್ ಇರೋ ಡಿಸ್ಕಿಗೆ ಕರೆಂಟೇ ಇಲ್ಲದಿದ್ರೆ ಅದನ್ನ ಅಳಿಸೋಕೆ ಯಾರಿಂದಲೂ ಆಗಲ್ಲ. ನನ್ನ ಕೇಳಿದ್ರೆ, ವ್ಯಾಪಾರದ ಲೆಕ್ಕ ಇರೋ ಕಂಪ್ಯೂಟರಿಗೆ ಬೇರೆ ದಾರಿ ಯೋಚಿಸಲೇಬಾರದು.

ಬೀಗದ ಕೈ ಯಾರ ಹತ್ರ ಇದೆ?

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅತಿ ದೊಡ್ಡ ಅಪಾಯ ಪಾರ್ಟಿಷನ್ ಅಲ್ಲ, ಬಿಟ್‌ಲಾಕರ್. ವಿಂಡೋಸ್ 11 ಹೋಮ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅನ್ನೋ ಹೆಸರಲ್ಲಿ ಇರುತ್ತೆ. ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಸೈನ್ ಇನ್ ಆದಾಗಲೇ ಎಷ್ಟೋ ಯಂತ್ರಗಳಲ್ಲಿ ತಾನಾಗಿ ಆನ್ ಆಗಿರುತ್ತೆ, ಯಾರನ್ನೂ ಕೇಳಿರಲ್ಲ. ಡಿಸ್ಕಿನ ಮೇಲಿನ ಪ್ರತಿ ಅಕ್ಷರವೂ ಗುಪ್ತಲಿಪಿಯಲ್ಲಿರುತ್ತೆ, ಅದರ ಕೀಲಿಕೈ ಟಿಪಿಎಂ ಚಿಪ್ಪಿನಲ್ಲಿರುತ್ತೆ. ಕಂಪ್ಯೂಟರ್ ದಿನಾ ಆನ್ ಆಗೋ ಕ್ರಮದಲ್ಲಿ ಏನೂ ಬದಲಾಗಿಲ್ಲ ಅಂತ ಖಾತ್ರಿಯಾದ್ರೆ ಮಾತ್ರ ಚಿಪ್ಪು ಕೀಲಿಕೈ ಕೊಡುತ್ತೆ. ನಾವು ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದ್ವಿ, ಬೂಟ್ ಕ್ರಮ ಬದಲಿಸಿದ್ವಿ ಅನ್ಕೊಳ್ಳಿ. ಚಿಪ್ಪಿಗೆ ಅನುಮಾನ ಬಂತು. ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತೆ.

ಆ 48 ಅಂಕಿ ಎಲ್ಲಿರುತ್ತೆ? ಕಂಪ್ಯೂಟರನ್ನು ಮೊದಲು ಸೆಟಪ್ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಲ್ಲೇ ತೊಡಕು ಇರೋದು. ನಮ್ಮ ಎಷ್ಟು ಮನೆಗಳಲ್ಲಿ ಆ ಖಾತೆ ಮನೆಯವರದ್ದಾಗಿರುತ್ತೆ? ಅಂಗಡಿಯ ಹುಡುಗ ಆ ಹೊತ್ತಿಗೆ ಒಂದು ಖಾತೆ ಮಾಡಿ ಕೊಟ್ಟಿರ್ತಾನೆ, ಇಲ್ಲಾ ದೊಡ್ಡಪ್ಪನ ಮಗ ಬಂದು ತನ್ನ ಖಾತೆಯಿಂದ ತೆರೆದು ಹೋಗಿರ್ತಾನೆ. ದಿನಾ ಪಿನ್ ಒತ್ತಿ ಒಳಗೆ ಹೋಗೋರಿಗೆ ಹಿಂದೆ ಯಾವ ಖಾತೆ ಇದೆ ಅನ್ನೋದೇ ನೆನಪಿರಲ್ಲ. ಕೀ ಸಿಗದಿದ್ರೆ ಆ ಡೇಟಾ ಹೋದ ಹಾಗೇ. ಯಾವ ರಿಪೇರಿ ಅಂಗಡಿಯವರೂ, ಮೈಕ್ರೋಸಾಫ್ಟಿನವರೂ ಅದನ್ನ ತೆರೆಯೋಕಾಗಲ್ಲ, ತೆರೆಯೋಕಾಗಬಾರದು ಅಂತಲೇ ಅದನ್ನ ಮಾಡಿರೋದು.

ಹಾಗಾಗಿ ಐಎಸ್‌ಒ ಡೌನ್‌ಲೋಡಿಗೂ ಮುಂಚೆ ಮಾಡೋ ಕೆಲಸ: ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿಗೆ ಹೋಗಿ ಡಿವೈಸ್ ಎನ್‌ಕ್ರಿಪ್ಷನ್ ನೋಡಿ. ಆನ್ ಇದ್ರೆ, ಯಾವ ಖಾತೆ ಅಂತ ಪತ್ತೆ ಮಾಡಿ, ಫೋನಿನ ಬ್ರೌಸರಿನಿಂದ ಆ ಖಾತೆಗೆ ಲಾಗಿನ್ ಆಗಿ ಕೀ ಇದೆಯಾ ನೋಡಿ, ಕಾಗದದಲ್ಲಿ ಬರೆದಿಡಿ. ಫೋಟೊ ತೆಗೆದು ಅದೇ ಲ್ಯಾಪ್‌ಟಾಪಿಗೆ ಹಾಕ್ಬೇಡಿ ಮಾರಾಯ್ರೆ. ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ. ಡಿಸ್ಕಿನ ಗಾತ್ರ ನೋಡ್ಕೊಂಡು ಕೆಲವು ಗಂಟೆ ತಗೊಳ್ಳುತ್ತೆ, ಪೂರ್ತಿ ಮುಗಿಯೋವರೆಗೆ ಮುಂದಕ್ಕೆ ಹೋಗ್ಬೇಡಿ. ಎಲ್ಲ ಕೆಲಸ ಮುಗಿದ ಮೇಲೆ ಬೇಕಾದ್ರೆ ಮತ್ತೆ ಆನ್ ಮಾಡ್ಕೊಳ್ಳಿ. ಆಗ ವಿಂಡೋಸನ್ನು ಲಿನಕ್ಸಿನ ಮೆನು ಮೂಲಕ ಅಲ್ಲದೆ ನೇರವಾಗಿ ತೆರೆಯೋದು ಕ್ಷೇಮ. ಅದು ಹೇಗೆ ಅಂತ ಮುಂದೆ ಬರುತ್ತೆ.

ಇನ್ನೊಂದು ಸ್ವಿಚ್ಚು ಫಾಸ್ಟ್ ಸ್ಟಾರ್ಟಪ್. ವಿಂಡೋಸಿನಲ್ಲಿ ಶಟ್‌ಡೌನ್ ಒತ್ತಿದ್ರೂ ಅದು ಪೂರ್ತಿ ಮಲಗಲ್ಲ. ಅರ್ಧ ನಿದ್ದೆಯಲ್ಲಿರುತ್ತೆ, ಬೇಗ ಏಳಲಿ ಅಂತ. ಆ ಸ್ಥಿತಿಯಲ್ಲಿ ಲಿನಕ್ಸ್ ಬಂದು ಅದೇ ಡ್ರೈವಿಗೆ ಫೈಲ್ ಬರೆದ್ರೆ ಎರಡರ ಲೆಕ್ಕ ತಾಳೆಯಾಗದೆ ಫೈಲುಗಳು ಹಾಳಾಗಬಹುದು. ಲಿನಕ್ಸ್ ಸಾಮಾನ್ಯವಾಗಿ ಇದನ್ನ ಗಮನಿಸಿ "ಓದೋಕೆ ಮಾತ್ರ ಕೊಡ್ತೀನಿ" ಅನ್ನುತ್ತೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡ್ಬೇಕು ಅನ್ನೋ ಕಡೆ ಇದನ್ನ ಆಫ್ ಮಾಡಬಹುದು.

ಡೌನ್‌ಲೋಡ್, ಪೆನ್‌ಡ್ರೈವ್, ಕರೆಂಟು

ಒಂದು ಕಾಲದಲ್ಲಿ ಲಿನಕ್ಸ್ ಸಿಗೋದೇ ಕಷ್ಟ ಇತ್ತು. 1996ರಿಂದ ಪಿಸಿಕ್ವೆಸ್ಟ್ ಪತ್ರಿಕೆ ಜೊತೆಗೆ ಬರ್ತಿದ್ದ ಸಿಡಿಗಳಿಂದಲೇ ನಮ್ಮ ದೇಶದಲ್ಲಿ ತುಂಬ ಜನ ಮೊದಲ ಸಲ ಲಿನಕ್ಸ್ ಕಂಡಿದ್ದು. 2001ರಲ್ಲಿ ಬೆಂಗಳೂರಿನಲ್ಲಿ ಲಿನಕ್ಸ್ ಬೆಂಗಳೂರು ಅನ್ನೋ ಸಮ್ಮೇಳನವೇ ಶುರುವಾಯ್ತು. ಆಮೇಲೆ ಉಬುಂಟುವಿನವರು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸ್ತಿದ್ರು, 2011ರಲ್ಲಿ ನಿಲ್ಲಿಸಿದ್ರು. ಈಗ ಎಲ್ಲ ಡೌನ್‌ಲೋಡ್. ಆದ್ರೆ ಉಬುಂಟು 24.04ರ ಐಎಸ್‌ಒ ಸುಮಾರು 6 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡೋರು ಲೆಕ್ಕ ಹಾಕ್ಕೊಳ್ಳಿ. ಕ್ಯಾಂಪಸ್ ವೈಫೈಯಲ್ಲೇ ಇಳಿಸಿಕೊಂಡು ಹೋಗೋದು ಉತ್ತಮ. 4 ಜಿಬಿ ರ್‍ಯಾಮ್ ಇರೋ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ, ಅದರ ಫೈಲೂ ಸುಮಾರು ಅರ್ಧ ಗಾತ್ರ. ಅವರದೇ ತಾಣದಲ್ಲಿ ಕೊಟ್ಟಿರೋ ಎಸ್ಎಚ್ಎ256 ಮೊತ್ತದ ಜೊತೆ ಹೋಲಿಸಿ ನೋಡಿ. ಅರ್ಧಂಬರ್ಧ ಇಳಿದ ಫೈಲು ಇನ್‌ಸ್ಟಾಲ್ ಮಧ್ಯದಲ್ಲಿ ಕೈ ಕೊಡೋದು ಬೇಡ.

8 ಜಿಬಿಯದೋ ಅದಕ್ಕಿಂತ ದೊಡ್ಡದೋ ಒಂದು ಪೆನ್‌ಡ್ರೈವ್, ರೂಫಸ್ ಅನ್ನೋ ತಂತ್ರಾಂಶ ಸಾಕು. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ. ಬೇರೆ ಎಕ್ಸ್‌ಟರ್ನಲ್ ಡಿಸ್ಕುಗಳನ್ನ ಮೊದಲೇ ಬಿಚ್ಚಿಡಿ, ಬ್ಯಾಕಪ್ ಇರೋ ಡಿಸ್ಕನ್ನೇ ಆರಿಸಿ ಅಳಿಸೋ ಅವಕಾಶ ಯಾಕೆ ಬೇಕು? ಹೌದು, ಬ್ಯಾಕಪ್. ಟ್ಯಾಲಿ ಡೇಟಾ ಫೋಲ್ಡರು, ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿರೋ ಫೈಲು, ಫೋಟೊ, ಇಷ್ಟನ್ನಾದ್ರೂ ಬೇರೆ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬ್ಕೊಂಡು ಮುಂದಕ್ಕೆ ಹೋಗ್ಬೇಡಿ.

ಕರೆಂಟಿನ ವಿಷಯ. ಲ್ಯಾಪ್‌ಟಾಪಿನವರಿಗೆ ಬ್ಯಾಟರಿ ಇದೆ, ಚಾರ್ಜರ್ ಹಾಕ್ಕೊಂಡೇ ಕೂತ್ಕೊಳ್ಳಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮಾತ್ರ ಯೋಚಿಸಿ. ಶ್ರಿಂಕ್ ಮಾಡೋವಾಗ ವಿಂಡೋಸ್ ಫೈಲಿನ ತುಂಡುಗಳನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸ್ತಿರುತ್ತೆ. ಕರೆಂಟ್ ಹೋಗಬಾರದ ಹೊತ್ತು ಅಂದ್ರೆ ಅದೇ. ಲಿನಕ್ಸ್ ಫೈಲುಗಳು ಖಾಲಿ ತುಂಡಿಗೆ ಕಾಪಿ ಆಗ್ತಿರೋವಾಗ ಹೋದ್ರೆ ಹೆಚ್ಚೆಂದ್ರೆ ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡ್ಬೇಕಾಗುತ್ತೆ. ಆದ್ದರಿಂದ ಶ್ರಿಂಕ್ ಮಟ್ಟಿಗಾದ್ರೂ ಪಕ್ಕದ ಮನೆಯಿಂದ ಒಂದು ಯುಪಿಎಸ್ ಇಸ್ಕೊಂಡು ಬನ್ನಿ. ಮಳೆ ಗುಡುಗಿನ ಸಂಜೆ ಈ ಕೆಲಸಕ್ಕೆ ಕೈ ಹಾಕ್ಬೇಡಿ.

ಶ್ರಿಂಕನ್ನು ವಿಂಡೋಸಿನಲ್ಲೇ ಮಾಡಿ, ಲಿನಕ್ಸ್ ಇನ್‌ಸ್ಟಾಲರಿಗೆ ಬಿಡಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಅಥವಾ ಡಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಅದು ಎಂಬಿಯಲ್ಲಿ ಕೇಳುತ್ತೆ: 60 ಜಿಬಿಗೆ 61440, 80 ಜಿಬಿಗೆ 81920. ಉಬುಂಟು 25 ಜಿಬಿಯಲ್ಲಿ ಕೂರುತ್ತೆ ಅಂತ ಹೇಳಿಕೊಳ್ಳುತ್ತೆ, ಆದ್ರೆ ಆರ್‌ಒಎಸ್ಸು, ಪೈಥಾನ್ ಲೈಬ್ರರಿಗಳು ಅಂತ ತುಂಬಿಸೋ ನಮಗೆ 60ಕ್ಕಿಂತ ಕಡಿಮೆ ಸಾಲಲ್ಲ. ಡ್ರೈವಿನಲ್ಲಿ 200 ಜಿಬಿ ಖಾಲಿ ಇದ್ರೂ ಕೆಲವು ಸಲ 10 ಜಿಬಿಯೇ ಕೊಡ್ತೀನಿ ಅನ್ನುತ್ತೆ. ಪೇಜ್ ಫೈಲು, ಹೈಬರ್ನೇಷನ್ ಫೈಲು, ರಿಸ್ಟೋರ್ ಪಾಯಿಂಟ್ ಇಂಥವು ಮಧ್ಯದಲ್ಲಿ ಕೂತು ಜಗ್ಗಲ್ಲ. ಇವನ್ನ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಬಿಟ್ಟ ಜಾಗ ಕಪ್ಪು ಪಟ್ಟಿಯಲ್ಲಿ ಅನ್‌ಅಲೊಕೇಟೆಡ್ ಅಂತ ಕಾಣುತ್ತೆ. ಅದನ್ನ ಹಾಗೇ ಬಿಡಿ, ಫಾರ್ಮ್ಯಾಟ್ ಮಾಡೋಕೆ ಹೋಗ್ಬೇಡಿ.

ಆ ಒಂದು ಪರದೆ

ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಆಗ್ತಿದ್ದ ಹಾಗೆ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಎಂಎಸ್ಐ ಬೋರ್ಡಿನಲ್ಲಿ ಎಫ್11, ಆಸುಸ್ ಬೋರ್ಡಿನಲ್ಲಿ ಎಫ್8. ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಎಷ್ಟೋ ವಿಡಿಯೊಗಳಲ್ಲಿ ಹೇಳ್ತಾರೆ. ಉಬುಂಟು, ಮಿಂಟ್, ಫೆಡೋರಾ ಮೂರಕ್ಕೂ ಅದರ ಅಗತ್ಯ ಇಲ್ಲ, ಆನ್ ಇರೋದನ್ನ ಆನ್ ಇರೋಕೆ ಬಿಡಿ.

ಮೊದಲು ಟ್ರೈ ಉಬುಂಟು ಆರಿಸಿ. ಪೆನ್‌ಡ್ರೈವಿನಿಂದಲೇ ಇಡೀ ಸಿಸ್ಟಂ ನಡೆಯುತ್ತೆ, ಡಿಸ್ಕಿಗೆ ಏನೂ ಆಗಲ್ಲ. ವೈಫೈ ಹಿಡೀತಾ, ಸೌಂಡ್ ಬರುತ್ತಾ, ಟಚ್‌ಪ್ಯಾಡ್ ಕೆಲಸ ಮಾಡುತ್ತಾ ಅಂತ ಇಲ್ಲೇ ನೋಡ್ಕೊಳ್ಳಿ. ವೈಫೈ ಕಾಣದಿದ್ರೆ ಫೋನಿನ ಯುಎಸ್‌ಬಿ ಟೆದರಿಂಗ್ ಕೊಟ್ಟು ಡ್ರೈವರ್ ಹಾಕ್ಕೋಬಹುದು. ಡಿಸ್ಕೇ ಕಾಣದಿದ್ರೆ ಸಾಮಾನ್ಯವಾಗಿ ಕಾರಣ ಇಂಟೆಲ್‌ನ ಆರ್‌ಎಸ್‌ಟಿ ಮೋಡ್. ಅದನ್ನ ಬಯಾಸ್‌ನಲ್ಲಿ ಧಿಡೀರಂತ ಎಎಚ್‌ಸಿಐಗೆ ಬದಲಿಸಿದ್ರೆ ವಿಂಡೋಸ್ ನೀಲಿ ಪರದೆ ತೋರಿಸುತ್ತೆ. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ ರೀಸ್ಟಾರ್ಟ್ ಮಾಡಿ, ಆಗ ಬಯಾಸ್‌ನಲ್ಲಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಂದು ಸಲ ಒಳಗೆ ಹೋಗಿ ಬಂದ್ರೆ ಸರಿಹೋಗುತ್ತೆ.

ಇನ್ನು ಇನ್‌ಸ್ಟಾಲ್. ಭಾಷೆ, ಕೀಬೋರ್ಡ್, ವೈಫೈ ಇವೆಲ್ಲ ನೆಕ್ಸ್ಟ್ ನೆಕ್ಸ್ಟ್. ಆಮೇಲೆ ಬರೋ ಪರದೆಯಲ್ಲಿ ಕೈ ಕೀಬೋರ್ಡಿನಿಂದ ತೆಗೆದು, ನೀರು ಕುಡಿದು ಓದಿ. ಎರೇಸ್ ಡಿಸ್ಕ್ ಅನ್ನೋ ಆಯ್ಕೆ ಅಲ್ಲಿದೆ. ಅದು ಪಾರ್ಟಿಷನ್ನನ್ನಲ್ಲ, ಇಡೀ ಡಿಸ್ಕನ್ನೇ ಅಳಿಸುತ್ತೆ: ಸಿ, ಡಿ, ಇ, ರಿಕವರಿ, ಎಲ್ಲವನ್ನೂ. ಮನೆಯ ಲೆಕ್ಕ, ಫೋಟೊ ಎಲ್ಲ ಹೋಗೋದು ಇಲ್ಲೇ, ನೆಕ್ಸ್ಟ್ ಒತ್ತೋ ಅಭ್ಯಾಸದಲ್ಲಿ. ಬೇಕಾದ್ದು ಮ್ಯಾನ್ಯುಯಲ್ ಇನ್‌ಸ್ಟಲೇಷನ್. ಪಟ್ಟಿಯಲ್ಲಿ ನಾವು ಬಿಟ್ಟ ಖಾಲಿ ಜಾಗ ಫ್ರೀ ಸ್ಪೇಸ್ ಅಂತ ಇರುತ್ತೆ, 60 ಜಿಬಿ ಆಸುಪಾಸಿನ ಗಾತ್ರ ನೋಡಿ ಗುರುತು ಹಿಡೀರಿ. ಅದನ್ನ ಆರಿಸಿ, ಎಕ್ಸ್ಟ್4, ಮೌಂಟ್ ಪಾಯಿಂಟ್‌ಗೆ ಬರೀ ಒಂದು ಓರೆಗೆರೆ. ಸ್ವಾಪಿಗೆ ಬೇರೆ ತುಂಡು ಬೇಕಿಲ್ಲ, ಉಬುಂಟು ತಾನೇ ಸ್ವಾಪ್ ಫೈಲ್ ಮಾಡ್ಕೊಳ್ಳುತ್ತೆ. ಎನ್‌ಟಿಎಫ್‌ಎಸ್ ಅಂತ ಇರೋ ಯಾವ ಸಾಲಿನ ಮುಂದೆಯೂ ಫಾರ್ಮ್ಯಾಟ್ ಗುರುತು ಇರಬಾರದು. 100 ಎಂಬಿಯ ಸುತ್ತಮುತ್ತ ಇರೋ ಎಫ್ಎಟಿ32 ತುಂಡು ಕಂಡ್ರೆ ಅದು ಇಎಫ್ಐ ಪಾರ್ಟಿಷನ್, ವಿಂಡೋಸಿನ ಬೂಟ್ ಫೈಲು ಅದರಲ್ಲೇ ಇರೋದು. ಅದನ್ನೂ ಫಾರ್ಮ್ಯಾಟ್ ಮಾಡಬೇಡಿ. ಉಬುಂಟು ಅದರೊಳಗೆ ತನ್ನದೊಂದು ಫೋಲ್ಡರ್ ಮಾಡ್ಕೊಂಡು ಸುಮ್ಮನೆ ಇರುತ್ತೆ. ಕೊನೆಗೆ ಏನೇನು ಬದಲಾಗುತ್ತೆ ಅಂತ ಪಟ್ಟಿ ತೋರಿಸುತ್ತೆ. ಆ ಪಟ್ಟಿಗೆ ಒಪ್ಪಿಗೆ ಕೊಡೋವರೆಗೂ ಡಿಸ್ಕಿನಲ್ಲಿ ಏನೂ ಬದಲಾಗಿರಲ್ಲ. ಸಂಶಯ ಬಂದ್ರೆ ಅಲ್ಲೇ ಆಫ್ ಮಾಡಿ, ನಾಳೆ ಯಾರನ್ನಾದ್ರೂ ಕೂರಿಸ್ಕೊಂಡು ಮಾಡಿ.

ಬೆಳಿಗ್ಗೆ ಅಪ್ಪ ಆನ್ ಮಾಡಿದಾಗ

ತಾಂತ್ರಿಕವಾಗಿ ಕೆಲಸ ಮುಗೀತು. ಮನೆಯಲ್ಲಿ ಬೈಗುಳ ಶುರುವಾಗೋದು ಈಗ. ಮರುದಿನ ಬೆಳಿಗ್ಗೆ ಅಪ್ಪ ಕಂಪ್ಯೂಟರ್ ಆನ್ ಮಾಡಿದ್ರೆ ಕಪ್ಪು ಪರದೆ, ಇಂಗ್ಲಿಷ್ ಸಾಲುಗಳು, ಕೆಳಗೆ ಏನೋ ಸೆಕೆಂಡ್ ಎಣಿಕೆ. ಅದು ಗ್ರಬ್ ಮೆನು. ನೋಡ್ತಾ ನಿಂತ್ರೆ ಮೊದಲ ಸಾಲಿನ ಉಬುಂಟು ತೆರೆದುಕೊಳ್ಳುತ್ತೆ, "ನನ್ನ ಟ್ಯಾಲಿ ಎಲ್ಲೋ?" ಅನ್ನೋ ಫೋನು ನಮಗೆ ಕ್ಲಾಸಿನಲ್ಲಿರೋವಾಗ ಬರುತ್ತೆ.

ಇದಕ್ಕೆ ಸುಲಭದ ಪರಿಹಾರ: ಬಯಾಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ಮನೆಯವರಿಗೆ ಮೊದಲಿನ ಹಾಗೇ ವಿಂಡೋಸೇ ಬರುತ್ತೆ, ಲಿನಕ್ಸ್ ಇದೆ ಅನ್ನೋದೂ ಗೊತ್ತಾಗಲ್ಲ. ನಮಗೆ ಬೇಕಾದಾಗ ಎಫ್12ನೋ ಎಫ್9ನೋ ಒತ್ತಿ ಉಬುಂಟು ಆರಿಸಿದ್ರಾಯ್ತು. ಬಿಟ್‌ಲಾಕರ್ ಮತ್ತೆ ಆನ್ ಮಾಡಿದವರಿಗೂ ಇದೇ ಸರಿ, ಮೊದಲೇ ಹೇಳಿದ ನೇರ ದಾರಿ ಇದು. ಲೆಗಸಿ ಯಂತ್ರದಲ್ಲಿ, ಒಂದೇ ಡಿಸ್ಕು ಆದ್ರೆ, ಈ ಸೌಕರ್ಯ ಇಲ್ಲ. ಅಲ್ಲಿ ಗ್ರಬ್ ಸೆಟ್ಟಿಂಗ್ ಫೈಲಿನಲ್ಲಿ ವಿಂಡೋಸನ್ನೇ ಡಿಫಾಲ್ಟ್ ಮಾಡ್ಬೇಕು. ಗ್ರಬ್ ಪಟ್ಟಿಯಲ್ಲಿ ವಿಂಡೋಸೇ ಕಾಣಿಸದಿದ್ರೆ ಗಾಬರಿ ಬೇಡ. 2.06 ಆವೃತ್ತಿಯಿಂದ ಬೇರೆ ಓಎಸ್ ಹುಡುಕೋ ಓಎಸ್ ಪ್ರೋಬರ್ ಅನ್ನೋ ಭಾಗವನ್ನ ಮೊದಲಿಂದಲೇ ಆಫ್ ಇಟ್ಟಿರ್ತಾರೆ. ಅದೇ ಸೆಟ್ಟಿಂಗ್ ಫೈಲಿನಲ್ಲಿ ಆನ್ ಮಾಡಿ ಗ್ರಬ್ ಅಪ್‌ಡೇಟ್ ಮಾಡಿದ್ರೆ ಬರುತ್ತೆ.

ಎರಡನೇ ಬೈಗುಳ ಗಡಿಯಾರದ್ದು. ಉಬುಂಟುವಿನಿಂದ ವಿಂಡೋಸಿಗೆ ಬಂದಾಗ ಟೈಮು ಐದೂವರೆ ಗಂಟೆ ಹಿಂದಿರುತ್ತೆ. ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರ ಇದೆ, ಅದನ್ನ ಆರ್‌ಟಿಸಿ ಅಂತಾರೆ. ಇದು ಪಹಣಿ ಆರ್‌ಟಿಸಿ ಅಲ್ಲ, ರಿಯಲ್ ಟೈಮ್ ಕ್ಲಾಕ್! ವಿಂಡೋಸ್ ಅದರಲ್ಲಿರೋದು ನಮ್ಮೂರ ಸಮಯ ಅಂತ ನಂಬುತ್ತೆ, ಲಿನಕ್ಸ್ ಅದರಲ್ಲಿ ಯುಟಿಸಿ ಬರೆದಿಡುತ್ತೆ. ಭಾರತೀಯ ಸಮಯ ಯುಟಿಸಿಗಿಂತ 5:30 ಮುಂದೆ. ಹಗಲಲ್ಲಿ ಇದು ಬರೀ ಕಿರಿಕಿರಿ. ರಾತ್ರಿ ಪಾಳಿ ಮಗ್ಗ ಓಡಿಸೋ ಮನೆಯಲ್ಲಿ ರಾತ್ರಿ 2 ಗಂಟೆಗೆ ಲೆಕ್ಕ ಬರೆದ್ರೆ, ಕಂಪ್ಯೂಟರ್ ಗಡಿಯಾರ ನೋಡಿ ತಾರೀಖು ಹಾಕೋ ತಂತ್ರಾಂಶ ಹಿಂದಿನ ದಿನದ ತಾರೀಖು ಹಾಕುತ್ತೆ. ಸರಿಮಾಡೋಕೆ ಲಿನಕ್ಸನ್ನೇ ವಿಂಡೋಸಿನ ಪದ್ಧತಿಗೆ ಒಗ್ಗಿಸೋದು ಸುಲಭ. ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಟ್ರೆ ಮುಗೀತು.

ಮೂರನೆಯದು ನಮ್ಮ ಕೈಲಿಲ್ಲದ್ದು. ವಿಂಡೋಸ್ ಅಪ್‌ಡೇಟ್ ಕೆಲವೊಮ್ಮೆ ಬೂಟ್ ಕ್ರಮ ಬದಲಿಸುತ್ತೆ. 2024ರ ಆಗಸ್ಟ್‌ನಲ್ಲಿ ಬಂದ ಒಂದು ಸೆಕ್ಯುರಿಟಿ ಅಪ್‌ಡೇಟ್ ಹಳೇ ಲಿನಕ್ಸ್ ಬೂಟ್ ಫೈಲುಗಳನ್ನ ಸೆಕ್ಯೂರ್ ಬೂಟ್ ಪಟ್ಟಿಯಲ್ಲಿ ತಡೆಹಿಡಿದು, ಪ್ರಪಂಚದಾದ್ಯಂತ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ತೆರೆಯದ ಹಾಗಾಯ್ತು. ಡೇಟಾ ಯಾರದ್ದೂ ಹೋಗಲಿಲ್ಲ, ಬಾಗಿಲಷ್ಟೇ ಮುಚ್ಚಿತ್ತು. ಲಿನಕ್ಸನ್ನು ಆಗಾಗ ತೆರೆದು ಅಪ್‌ಡೇಟ್ ಮಾಡ್ತಿದ್ರೆ ಇಂಥದ್ದು ಕಡಿಮೆ. ಹಾಗಾಗಿ ಆ ಪೆನ್‌ಡ್ರೈವನ್ನ ಸಿನಿಮಾ ತುಂಬಿಸೋಕೆ ಬಳಸದೆ ಎತ್ತಿಡಿ, ರಿಪೇರಿಗೂ ಅದೇ ಬೇಕು.

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಬಿಡೋ ಹಾಗಿಲ್ಲ: ಲಿನಕ್ಸಿನಲ್ಲಿ ಕನ್ನಡ ಬರೆಯೋಕೆ ಏನೂ ಕೊಂಡುಕೊಳ್ಳಬೇಕಾಗಿಲ್ಲ, ಸಾಮಾನ್ಯವಾಗಿ ಡೌನ್‌ಲೋಡೂ ಬೇಡ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಸೇರಿಸೋವಾಗ ಕಗಪ ವಿನ್ಯಾಸ ಸಿಗುತ್ತೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು, ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ಮನೆಮಾತಾದ ಅದೇ ಕೀಲಿಮಣೆ. ಒತ್ತಕ್ಷರಕ್ಕೆ ಎಫ್ ಒತ್ತೋ ಅಭ್ಯಾಸ ಇದ್ದವರು ಹೊಸದಾಗಿ ಕಲಿಯೋದು ಏನಿಲ್ಲ. ಗುಬ್ಬಿ, ನವಿಲು ಅನ್ನೋ ಫಾಂಟುಗಳೂ ಉಬುಂಟುವಿನ ಭಂಡಾರದಲ್ಲಿವೆ. ತೊಂದರೆ ಹಳೇ ಕಡತಗಳದ್ದು. ಯುನಿಕೋಡಿಗೂ ಮುಂಚಿನ ನುಡಿ, ಬರಹ ಫಾಂಟಿನಲ್ಲಿ ಟೈಪಾದ ಅರ್ಜಿ, ಲಗ್ನಪತ್ರಿಕೆಗಳನ್ನ ಲಿನಕ್ಸಿನಲ್ಲಿ ತೆರೆದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಅರವಿಂದ ವಿ.ಕೆ. ಅವರು ಬರೆದ ಪರಿವರ್ತಕದಲ್ಲಿ ಹಾಕಿದ್ರೆ ಯುನಿಕೋಡಾಗಿ ಬರುತ್ತೆ.

ಇನ್ನು, ಸೆಮಿಸ್ಟರ್ ಮುಗೀತು, ಲಿನಕ್ಸ್ ಬೇಡ, ಜಾಗ ವಾಪಸ್ ಬೇಕು ಅಂದ್ರೆ? ನೇರವಾಗಿ ಲಿನಕ್ಸಿನ ತುಂಡನ್ನು ಅಳಿಸಬೇಡಿ. ಗ್ರಬ್ ಮೊದಲಿಗೆ ಇದ್ದು ಅದರ ಫೈಲು ಹೋದ್ರೆ, ಮುಂದಿನ ಸಲ ಬರೀ ಗ್ರಬ್ ಅಂತ ಬರೆದ ಕಪ್ಪು ಪರದೆ ಮಾತ್ರ ಬರುತ್ತೆ. ಯುಇಎಫ್ಐ ಯಂತ್ರದಲ್ಲಿ ಮೊದಲು ಬೂಟ್ ಕ್ರಮದಲ್ಲಿ ವಿಂಡೋಸ್ ಮೇಲಿದೆಯಾ ನೋಡಿ, ಒಂದು ಸಲ ರೀಸ್ಟಾರ್ಟ್ ಮಾಡಿ ಖಾತ್ರಿ ಮಾಡ್ಕೊಳ್ಳಿ. ಲೆಗಸಿ ಆದ್ರೆ ವಿಂಡೋಸಿನ ರಿಪೇರಿ ಡಿಸ್ಕಿನಿಂದ ಎಂಬಿಆರ್ ಸರಿಮಾಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ 60 ಜಿಬಿ ತುಂಡನ್ನು ಅಳಿಸಿ, ಸಿ-ಯನ್ನು ಎಕ್ಸ್‌ಟೆಂಡ್ ಮಾಡಿ. ಖಾಲಿ ಜಾಗ ಸಿ-ಗೆ ತಾಗಿಕೊಂಡು ಬಲಗಡೆಗೇ ಇದ್ರೆ ಮಾತ್ರ ಎಕ್ಸ್‌ಟೆಂಡ್ ಆಗುತ್ತೆ. ಮಧ್ಯದಲ್ಲಿ ರಿಕವರಿ ತುಂಡು ಕೂತಿದ್ರೆ ಆ ಜಾಗಕ್ಕೆ ಇನ್ನೊಂದು ಡ್ರೈವ್ ಅಕ್ಷರ ಕೊಟ್ಟು, ಫೋಟೊ ಇಡೋಕೆ ಅಕ್ಕನಿಗೋ ತಂಗಿಗೋ ಬಿಟ್ಟುಕೊಡಿ.